ಕೈ ಸೋತಿದೆ, ಮಾತು ತೊದಲುತ್ತಿದೆ: ದೋಷ ಎಲ್ಲಿದೆ ಎಂದು ಪತ್ತೆ ಮಾಡುವ ಕೈಪಿಡಿ

ಓದುವ ಮೊದಲು

ನಿಮ್ಮ ಎದುರಿಗೆ ಈಗಲೇ ಯಾರಿಗಾದರೂ ಇದ್ದಕ್ಕಿದ್ದಂತೆ ಒಂದು ಕಡೆಯ ಕೈಯೋ ಕಾಲೋ ಸೋತಿದೆಯಾ? ಬಾಯಿ ಒಂದು ಕಡೆಗೆ ಎಳೆದಿದೆಯಾ? ಮಾತು ತೊದಲುತ್ತಿದೆಯಾ? ಹಾಗಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ 108ಕ್ಕೆ ಫೋನ್ ಮಾಡಿ. ಮೂರರಲ್ಲಿ ಒಂದೇ ಇದ್ದರೂ ಸಾಕು. ಉಳಿದದ್ದನ್ನು ಗಾಡಿ ಹೊರಟ ಮೇಲೆ ಓದಿಕೊಳ್ಳಬಹುದು.

ನಾನು ಫಿಸಿಯೋಥೆರಪಿ ಮಾಡುವವಳು. ಸ್ಟ್ರೋಕ್ (ಮೆದುಳಿನ ರಕ್ತನಾಳ ಮುಚ್ಚಿಯೋ ಒಡೆದೋ ಆಗುವ ಲಕ್ವ) ಆದವರು ನನ್ನ ಹತ್ತಿರ ಬರುವ ಹೊತ್ತಿಗೆ ವಾರಗಳು ಕಳೆದಿರುತ್ತವೆ. ಅವರ ಮನೆಯವರ ಬಾಯಲ್ಲಿ ಹೆಚ್ಚಾಗಿ ಒಂದೇ ಮಾತು: "ಬೆಳಗ್ಗೆನೇ ಕೈ ಜೋಮು ಹಿಡಿದಿತ್ತು, ಮಲಗಿದ್ರೆ ಸರಿಹೋಗುತ್ತೆ ಅಂದುಕೊಂಡ್ವಿ." ಜೋಮು ಹಿಡಿದ ಎಲ್ಲ ಕೈಯೂ ಸ್ಟ್ರೋಕ್ ಅಲ್ಲ, ನಿಜ. ಆದರೆ ಯಾವುದು ಮಲಗಿದರೆ ಸರಿಹೋಗುವ ಜೋಮು, ಯಾವುದು ಅಲ್ಲ ಎಂದು ಎರಡು ನಿಮಿಷದಲ್ಲಿ ನೋಡಬಹುದು. ಕೈಲಿ ಏನೂ ಉಪಕರಣ ಬೇಡ. ತೋಟದ ಮನೆಯಿಂದ ಆಸ್ಪತ್ರೆ ದೂರ ಇರುವ ನಮ್ಮ ಕೊಡಗು ಜಿಲ್ಲೆಯಲ್ಲಿ ಇದು ಎಲ್ಲರಿಗೂ ಗೊತ್ತಿರಬೇಕು ಅನ್ನಿಸುತ್ತದೆ.

ಸ್ವಲ್ಪ ಹಿನ್ನೆಲೆ: ಮೆದುಳಿನ ಎರಡು ಪಟ್ಟಿಗಳು

ಹೇರ್‌ಬ್ಯಾಂಡ್ ಕೂರುವ ಜಾಗದಲ್ಲಿ, ತಲೆಬುರುಡೆಯ ಒಳಗೆ, ಮೆದುಳಿನ ಮೇಲ್ಪದರದಲ್ಲಿ ಎರಡು ಪಟ್ಟಿಗಳಿವೆ. ಕಿವಿಯ ಹತ್ತಿರದಿಂದ ನೆತ್ತಿಯವರೆಗೆ, ಎರಡೂ ಕಡೆ. ಮುಂದಿನ ಪಟ್ಟಿ ಸ್ನಾಯುಗಳಿಗೆ ಅಪ್ಪಣೆ ಕಳಿಸುತ್ತದೆ. ಹಿಂದಿನ ಪಟ್ಟಿ ಚರ್ಮ, ಸ್ನಾಯು, ಕೀಲುಗಳಿಂದ ಸುದ್ದಿ ಪಡೆಯುತ್ತದೆ. ನಡುವೆ ಒಂದು ಆಳವಾದ ಮಡಿಕೆ. ಎರಡನ್ನೂ ಸೇರಿಸಿ ಸೆನ್ಸರಿಮೋಟರ್ ಕಾರ್ಟೆಕ್ಸ್ ಅನ್ನುತ್ತಾರೆ. ಇವು ಒಂದನ್ನು ಬಿಟ್ಟು ಒಂದು ಕೆಲಸ ಮಾಡುವುದಿಲ್ಲ. ಕಾಫಿ ಹಣ್ಣು ಕುಯ್ಯುವಾಗ ಬೆರಳು ಎಷ್ಟು ಒತ್ತಬೇಕು ಅನ್ನುವುದು ಬೆರಳ ತುದಿಯ ಸ್ಪರ್ಶದಿಂದಲೇ ಗೊತ್ತಾಗುತ್ತದೆ. ಸ್ಪರ್ಶ ಹೋದರೆ ಶಕ್ತಿ ಇದ್ದೂ ಕೈ ಒಡ್ಡೊಡ್ಡಾಗುತ್ತದೆ. ಲೋಟ ಜಾರುತ್ತದೆ, ಗುಂಡಿ ಹಾಕಲು ಬರುವುದಿಲ್ಲ.

1870ರಲ್ಲಿ ಫ್ರಿಟ್ಷ್ ಮತ್ತು ಹಿಟ್ಜಿಗ್ ಎಂಬ ಇಬ್ಬರು ಜರ್ಮನ್ ವೈದ್ಯರು ನಾಯಿಯ ಮೆದುಳಿನ ಈ ಭಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟರು. ಎದುರು ಕಡೆಯ ಕಾಲು ಅಲ್ಲಾಡಿತು. ಆಮೇಲೆ ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಸರ್ಜನ್, ಫಿಟ್ಸ್ ಇದ್ದವರಿಗೆ ಎಚ್ಚರದಲ್ಲೇ ಆಪರೇಷನ್ ಮಾಡುತ್ತಾ ಈ ಪಟ್ಟಿಗಳ ನಕ್ಷೆ ಬರೆದರು. 1937ರಲ್ಲಿ ಅದು ಪ್ರಕಟವಾಯಿತು. ನಕ್ಷೆಯಲ್ಲಿ ಕಾಲು ನೆತ್ತಿಯ ಹತ್ತಿರ, ಮೆದುಳಿನ ಎಡ ಬಲ ಅರ್ಧಗಳ ನಡುವಿನ ಸಂದಿನಲ್ಲಿದೆ. ಅಲ್ಲಿಂದ ಕೆಳಗೆ ಬಂದರೆ ಕೈ, ಅದರ ಕೆಳಗೆ ಮುಖ, ತುಟಿ, ನಾಲಿಗೆ. ಅಂಗ ದೊಡ್ಡದಿದ್ದರೆ ಜಾಗವೂ ದೊಡ್ಡದು ಎಂದಲ್ಲ. ನಾಜೂಕು ಕೆಲಸ ಮಾಡುವ ಅಂಗಕ್ಕೆ ಜಾಸ್ತಿ ಜಾಗ. ಇಡೀ ಬೆನ್ನಿಗೆ ಸಿಕ್ಕಿದ್ದು ಸ್ವಲ್ಪ, ಹೆಬ್ಬೆರಳಿಗೂ ತುಟಿಗೂ ಸಿಕ್ಕಿದ್ದು ಬಹಳ. ಈ ನಕ್ಷೆಗೆ ಈಗಲೂ ತಿದ್ದುಪಡಿ ಬರುತ್ತಿದೆ. 2023ರಲ್ಲಿ ಅಮೆರಿಕದ ಸಂಶೋಧಕರು ಕಾಲು, ಕೈ, ಬಾಯಿಗಳ ನಡುನಡುವೆ ಇಡೀ ಮೈಯ ಹೊಂದಾಣಿಕೆಗೂ ಯೋಜನೆಗೂ ಸೇರಿದ ಬೇರೆ ಜಾಗಗಳಿವೆ ಎಂದು ತೋರಿಸಿದರು. ಆದರೂ ಮನೆಯಲ್ಲಿ ನಿಂತು ದೋಷ ಹುಡುಕುವವರಿಗೆ ಹಳೆಯ ನಕ್ಷೆಯೇ ಸಾಕು.

ಮುಖ್ಯವಾದ ಇನ್ನೊಂದು ವಿಷಯ ಇದೆ. ಎಡ ಮೆದುಳಿನಿಂದ ಹೊರಟ ನರದ ಎಳೆಗಳಲ್ಲಿ ಹೆಚ್ಚಿನವು ಕತ್ತಿನ ಮೇಲ್ಭಾಗದಲ್ಲಿ ದಾಟಿ ಬಲಗಡೆಗೆ ಹೋಗುತ್ತವೆ. ಬಲ ಮೆದುಳಿನವು ಎಡಗಡೆಗೆ.

ಇನ್ನು ಪತ್ತೆ ಮಾಡುವ ಲೆಕ್ಕ. ಹೂಮಳೆ ಬಾರದ ವರ್ಷ ಸ್ಪ್ರಿಂಕ್ಲರ್ ಹಾಕುತ್ತೇವಲ್ಲ, ಅಲ್ಲಿ ಒಂದು ಜೆಟ್ ಮಾತ್ರ ನಿಂತರೆ ಆ ಜೆಟ್ ಬಿಚ್ಚಿ ನೋಡುತ್ತೇವೆ. ಇಡೀ ಲೈನೇ ನಿಂತರೆ ಯಾರೂ ಜೆಟ್ ಬಿಚ್ಚುವುದಿಲ್ಲ, ಸೀದಾ ಪಂಪಿನ ಕಡೆ ಓಡುತ್ತೇವೆ. ಮೈಯಲ್ಲೂ ಅಷ್ಟೇ. ಎರಡು ಬೆರಳು ಮಾತ್ರ ಮರಗಟ್ಟಿದರೆ ದೋಷ ಆ ನರದಲ್ಲಿ ಇರುವುದೇ ಹೆಚ್ಚು. ಮುಖ, ಕೈ, ಮಾತು ಒಟ್ಟಿಗೆ ಕೈಕೊಟ್ಟರೆ ದೋಷ ಮೇಲೆ, ತಲೆಯಲ್ಲಿ.

ಲಕ್ಷಣ: ಕೈ ಜೋಮು ಹಿಡಿದಿದೆ, ಹಿಡಿತ ಹೋಗಿದೆ

ಮೊದಲು ಕೇಳಬೇಕಾದ್ದು: ಯಾವಾಗ ಶುರುವಾಯಿತು? ವಾರಗಳಿಂದ ನಿಧಾನಕ್ಕೆ ಬಂದದ್ದೋ, ಈಗ ಕಾಫಿ ಕುಡಿಯುತ್ತಾ ಕೂತಿದ್ದಾಗ ಬಂದದ್ದೋ? ಖರ್ಚಿಲ್ಲದ ಪರೀಕ್ಷೆ ಇದೇ. ಇದ್ದಕ್ಕಿದ್ದಂತೆ ಬಂದದ್ದನ್ನು ಮೆದುಳಿನದ್ದು ಎಂದೇ ಮೊದಲು ಎಣಿಸಬೇಕು.

ಎರಡನೆಯದು, ಯಾವ ಬೆರಳು? ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಗುಟ್ಟುತ್ತವೆ, ರಾತ್ರಿ ಜಾಸ್ತಿ, ಕೈ ಕೊಡವಿದರೆ ಹಾಯೆನಿಸುತ್ತದೆ. ಹೀಗಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಇಡೀ ದಿನ ಕಳೆ ಕೊಚ್ಚುವ ಮೆಷಿನ್ ಹಿಡಿಯುವವರಲ್ಲಿ ಇದನ್ನು ನೋಡುತ್ತಲೇ ಇರುತ್ತೇನೆ. ಕಿರುಬೆರಳು ಮತ್ತು ಉಂಗುರಬೆರಳಿನ ಅರ್ಧ ಮಾತ್ರ ಆದರೆ ಮೊಣಕೈ ಹತ್ತಿರದ ನರ. ರಾತ್ರಿ ಕುರ್ಚಿಯ ಹಿಡಿಗೆ ತೋಳು ಒತ್ತಿಕೊಂಡು ಗಾಢವಾಗಿ ನಿದ್ದೆ ಮಾಡಿ ಎದ್ದಾಗ ಮಣಿಕಟ್ಟು ಜೋತುಬಿದ್ದು ಮೇಲೆತ್ತಲು ಬಾರದಿದ್ದರೆ ತೋಳಿನ ಹಿಂಬದಿಯ ನರ ಒತ್ತಿಹೋಗಿರಬಹುದು. ಕುತ್ತಿಗೆ ತಿರುಗಿಸಿದಾಗ ತೋಳಿಗೆ ನೋವು ಹರಿದರೆ ಕುತ್ತಿಗೆಯ ಕಡೆ ನೋಡಬೇಕು. ಇವು ಯಾವುವೂ ಮೆದುಳಿನ ಪಟ್ಟಿಯ ತಪ್ಪಲ್ಲ. ಆ ವಾರದಲ್ಲೇ ಡಾಕ್ಟರಿಗೆ ತೋರಿಸಿದರೆ ಸಾಕು.

ಮೂರನೆಯದು ತೋಳಿನ ಪರೀಕ್ಷೆ. ಕೂತಲ್ಲೇ ಎರಡೂ ಕೈ ಮುಂದಕ್ಕೆ ಚಾಚಿಸಿ. ಅಂಗೈ ಆಕಾಶ ನೋಡಬೇಕು. ಕಣ್ಣು ಮುಚ್ಚಿಸಿ ಹತ್ತು ಎಣಿಸಿ. ಒಂದು ಕೈ ನಿಧಾನಕ್ಕೆ ಕೆಳಗಿಳಿದರೆ, ಇಳಿಯುತ್ತಾ ಅಂಗೈ ಒಳಕ್ಕೆ ತಿರುಗಿದರೆ ದೋಷ ಮೆದುಳಿನ ಕಡೆಯದು ಅನ್ನುವುದಕ್ಕೆ ಬಲವಾದ ಸುಳಿವು. ಮುಷ್ಟಿ ಹಿಡಿಸಿ ನೋಡುವುದು ಎಲ್ಲರಿಗೂ ಗೊತ್ತು. ಆದರೆ ಸಣ್ಣ ಸೋಲು ಅದರಲ್ಲಿ ಗೊತ್ತಾಗುವುದಿಲ್ಲ, ಇದರಲ್ಲಿ ಗೊತ್ತಾಗುತ್ತದೆ. ಕಣ್ಣು ಮುಚ್ಚಿಸಲು ಮರೆಯಬೇಡಿ. ತೆರೆದಿದ್ದರೆ ಕೈ ಇಳಿಯುವುದನ್ನು ಅವರೇ ನೋಡಿ ಸರಿಮಾಡಿಕೊಳ್ಳುತ್ತಾರೆ.

ಶುಗರ್ ಇರುವವರ ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಬೆರಳಿಗೆ ಚುಚ್ಚಿ ನೋಡಿ. ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಸ್ಟ್ರೋಕಿನ ಹಾಗೇ ಕಾಣಬಹುದು: ತೊದಲು, ಗಲಿಬಿಲಿ, ಒಂದು ಕಡೆ ಸೋಲು ಕೂಡ. ಪೂರ್ತಿ ಎಚ್ಚರವಿದ್ದು ಸಲೀಸಾಗಿ ನುಂಗುತ್ತಿದ್ದರೆ ಮಾತ್ರ ಸಕ್ಕರೆ ನೀರು ಕೊಡಿ. ಮಂಪರಿದ್ದರೆ, ಬಾಯಿಂದ ಜೊಲ್ಲು ಸುರಿಯುತ್ತಿದ್ದರೆ ಬಾಯಿಗೆ ಏನೂ ಹಾಕಬೇಡಿ. ಗಾಡಿ ಹೇಳಿದ ಮೇಲೆ ಇದನ್ನು ಮಾಡಿ. ಮೀಟರ್ ಹುಡುಕುತ್ತಾ ಗಾಡಿ ತಡಮಾಡಬೇಡಿ.

ಲಕ್ಷಣ: ಬಾಯಿ ಒಂದು ಕಡೆ ಎಳೆದಿದೆ

"ಅಜ್ಜ, ಹಲ್ಲು ತೋರಿಸಿ" ಅನ್ನಿ. ಸುಮ್ನೆ ಇದ್ದಾಗ ಕಾಣದ ಓರೆ ಆಗ ಕಾಣುತ್ತದೆ. ಆಮೇಲೆ "ಹುಬ್ಬು ಮೇಲೆತ್ತಿ" ಅನ್ನಿ.

ಹಣೆಯ ಸ್ನಾಯುಗಳಿಗೆ ಎರಡೂ ಕಡೆಯ ಮೆದುಳಿನಿಂದ ಅಪ್ಪಣೆ ಬರುತ್ತದೆ. ಬಾಯಿಯ ಸುತ್ತಲಿನ ಸ್ನಾಯುಗಳಿಗೆ ಮುಖ್ಯವಾಗಿ ಎದುರು ಕಡೆಯಿಂದ ಮಾತ್ರ. ಹಾಗಾಗಿ ಮೆದುಳಿನ ಪಟ್ಟಿಗೆ ಏಟು ಬಿದ್ದರೆ ಬಾಯಿ ಓರೆಯಾದರೂ ಹಣೆಯಲ್ಲಿ ಎರಡೂ ಕಡೆ ಗೆರೆ ಮೂಡುತ್ತದೆ. ಹಣೆ, ಕಣ್ಣು, ಬಾಯಿ ಮೂರೂ ಒಂದೇ ಕಡೆ ಸೋತು, ಕಣ್ಣು ಮುಚ್ಚಲೂ ಆಗದಿದ್ದರೆ ದೋಷ ಕಿವಿಯ ಹಿಂದಿನಿಂದ ಬರುವ ಮುಖದ ನರದಲ್ಲಿರುವುದು ಹೆಚ್ಚು. ಅದಕ್ಕೆ ಬೆಲ್ಸ್ ಪಾಲ್ಸಿ ಅನ್ನುತ್ತಾರೆ. ಕಿವಿಯ ಹಿಂದೆ ನೋವು, ನಾಲಿಗೆಗೆ ರುಚಿ ಕಡಿಮೆ, ಒಂದು ಕಿವಿಗೆ ಸದ್ದು ಕರ್ಕಶ ಅನ್ನಿಸುವುದು ಅದರ ಜೊತೆಗಾರರು.

ನೋಡಿ, ಇಲ್ಲಿ ಹಣೆ ಸೋತಿದ್ದರೆ ಸಮಾಚಾರ ಸ್ವಲ್ಪ ಒಳ್ಳೆಯದು, ಹಣೆ ಚೆನ್ನಾಗಿದ್ದರೆ ಕೆಟ್ಟದು. ಉಲ್ಟಾ ಅನ್ನಿಸುತ್ತದೆ, ಅಲ್ವಾ? ಆದರೂ ಈ ಒಂದು ಗುರುತನ್ನೇ ನಂಬಿ ಮನೆಯಲ್ಲಿ ಉಳಿಯಬೇಡಿ. ಮೆದುಳಿನ ಬುಡದಲ್ಲಿ ಆಗುವ ಕೆಲವು ಸ್ಟ್ರೋಕ್‌ಗಳು ಇಡೀ ಅರ್ಧ ಮುಖವನ್ನು ಸೋಲಿಸುತ್ತವೆ. ಬೆಲ್ಸ್ ಪಾಲ್ಸಿಯೇ ಆಗಿದ್ದರೂ ಅದರ ಸ್ಟೀರಾಯ್ಡ್ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಿದರೆ ಗುಣ ಜಾಸ್ತಿ. ಅಲ್ಲಿಯವರೆಗೆ ಮುಚ್ಚದ ಕಣ್ಣಿಗೆ ಧೂಳು ಬೀಳದ ಹಾಗೆ ನೋಡಿಕೊಳ್ಳಿ. ಕಣದಲ್ಲಿ ಕಾಫಿ ಹರಡುವ, ಮೆಣಸು ಬಡಿಯುವ ಕೆಲಸ ಬೇಡ. ಎಷ್ಟೋ ಜನಕ್ಕೆ ಬೆಲ್ಸ್ ಪಾಲ್ಸಿ ತಾನಾಗಿಯೇ ವಾಸಿಯಾಗುತ್ತದೆ. ಊರೂರಲ್ಲಿ ಲಕ್ವಕ್ಕೆ ಔಷಧಿ ಕೊಡುವವರಿಗೆ ಹೆಸರು ಬಂದಿರುವುದರಲ್ಲಿ ಈ ತಾನಾಗಿ ವಾಸಿಯಾದವರ ಪಾಲು ದೊಡ್ಡದು ಎಂದು ನನ್ನ ಅನಿಸಿಕೆ.

ಲಕ್ಷಣ: ಮಾತು ಕೆಟ್ಟಿದೆ

"ಮಾತು ನಿಂತಿದೆ" ಎಂದು ಮನೆಯವರು ಹೇಳುವಾಗ ಅದರಲ್ಲಿ ಬೇರೆ ಬೇರೆ ದೋಷಗಳು ಬೆರೆತಿರುತ್ತವೆ. ಬಿಡಿಸಿ ನೋಡೋಣ.

ಪದಗಳು ಸರಿಯಾಗಿವೆ, ಆದರೆ ಬಾಯಿ ತೊದಲುತ್ತದೆ. ಹೇಳಬೇಕಾದ್ದು ಗೊತ್ತು, ವಾಕ್ಯವೂ ಸರಿ. ತುಟಿ ನಾಲಿಗೆ ಮಾತ್ರ ಕೇಳುತ್ತಿಲ್ಲ. ಇಲ್ಲಿ ದೋಷ ಪಟ್ಟಿಯ ಕೆಳಭಾಗದಲ್ಲಿ ಇರಬಹುದು, ಅಲ್ಲಿಂದ ಕೆಳಗಿಳಿಯುವ ಎಳೆಗಳಲ್ಲಿ ಇರಬಹುದು. "ಪ ಪ ಪ", "ತ ತ ತ", "ಕ ಕ ಕ" ಎಂದು ಬೇಗ ಬೇಗ ಹೇಳಿಸಿ. ಪಕಾರಕ್ಕೆ ತುಟಿ ಬೇಕು, ತಕಾರಕ್ಕೆ ನಾಲಿಗೆಯ ತುದಿ, ಕಕಾರಕ್ಕೆ ನಾಲಿಗೆಯ ಹಿಂಭಾಗ. ಯಾವುದರಲ್ಲಿ ತಡವರಿಸುತ್ತಾರೋ ಆ ಜಾಗ ಸೋತಿದೆ ಎಂದು ಲೆಕ್ಕ. ಕಾಗುಣಿತ ಕಲಿಯುವಾಗ ನಾವು ಕವರ್ಗ, ತವರ್ಗ, ಪವರ್ಗ ಎಂದು ಓದಿದ್ದೇವಲ್ಲ, ಆ ಸಾಲುಗಳು ಬಾಯಿಯ ಯಾವ ಜಾಗದಲ್ಲಿ ಸದ್ದು ಹುಟ್ಟುತ್ತದೆ ಎಂಬುದರ ಮೇಲೆ ನಿಂತಿವೆ. 2013ರಲ್ಲಿ ಮೆದುಳಿನ ಸರ್ಜನ್ ಎಡ್ವರ್ಡ್ ಚಾಂಗ್ ಅವರ ತಂಡ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೆದುಳಿನ ಮೇಲೆ ಎಲೆಕ್ಟ್ರೋಡ್ ಇಟ್ಟು ನೋಡಿದಾಗ, ಮಾತಾಡುವ ಹೊತ್ತಿನಲ್ಲಿ ಪಟ್ಟಿಯ ಕೆಳಭಾಗವೂ ಹೀಗೇ ತುಟಿ, ದವಡೆ, ನಾಲಿಗೆ, ಗಂಟಲು ಎಂದು ಹಂಚಿಕೊಂಡು ಕೆಲಸ ಮಾಡುತ್ತಿತ್ತು. ನಮ್ಮ ಅಕ್ಷರಮಾಲೆ ಜೋಡಿಸಿದವರು ಬಾಯೊಳಗೆ ಇಷ್ಟನ್ನು ಗಮನಿಸಿದ್ದರು ಅಂದರೆ ನನಗಂತೂ ಹೆಮ್ಮೆ.

ಪದವೇ ಸಿಗುತ್ತಿಲ್ಲ. ಏನೋ ಹೇಳಬೇಕು ಎಂದು ಒದ್ದಾಡುತ್ತಾರೆ, "ಅದು... ಅದು..." ಅನ್ನುತ್ತಾರೆ, ಸಿಟ್ಟಾಗುತ್ತಾರೆ. ಹೇಳಿದ್ದು ಹೆಚ್ಚುಕಡಿಮೆ ಅರ್ಥವಾಗುತ್ತದೆ. ಇದು ಎಡ ಮೆದುಳಿನಲ್ಲಿ, ಪಟ್ಟಿಗಿಂತ ಸ್ವಲ್ಪ ಮುಂದಿರುವ ಭಾಗದ ದೋಷ. ಫ್ರಾನ್ಸಿನ ಪಾಲ್ ಬ್ರೋಕಾ 1861ರಲ್ಲಿ ವಿವರಿಸಿದ ರೋಗಿಗೆ ಬಾಯಿಂದ ಬರುತ್ತಿದ್ದುದು ಹೆಚ್ಚಾಗಿ "ತಾನ್" ಎಂಬ ಒಂದೇ ಸದ್ದು. ಚಮಚ, ಬೀಗದ ಕೈ, ಗಡಿಯಾರ ತೋರಿಸಿ "ಇದೇನು?" ಎಂದು ಕೇಳಿ. ಬರೆಯಲು ಕೊಟ್ಟೂ ನೋಡಿ. ಬರಿಯ ತೊದಲಿನವರು ಬರೆದು ತೋರಿಸಬಲ್ಲರು, ಮೊಬೈಲಿನಲ್ಲಿ ಟೈಪ್ ಮಾಡಬಲ್ಲರು. ಪದ ಕಳೆದುಕೊಂಡವರಿಗೆ ಬರೆಯುವಾಗಲೂ ಪದ ಸಿಗುವುದಿಲ್ಲ.

ಮಾತು ಧಾರಾಳವಾಗಿ ಬರುತ್ತದೆ, ಅರ್ಥವಿಲ್ಲ. ನಾವು ಹೇಳಿದ್ದೂ ಅವರಿಗೆ ತಲುಪುವುದಿಲ್ಲ. 1874ರಲ್ಲಿ ಕಾರ್ಲ್ ವೆರ್ನಿಕೆ ಗುರುತಿಸಿದ, ಕಿವಿಯ ಹಿಂದುಗಡೆಯ ಭಾಗದ ದೋಷ ಇದು. ಕೈಕಾಲು ಚೆನ್ನಾಗಿಯೇ ಇರಬಹುದು. ಇದನ್ನೇ ಜನ ಜಾಸ್ತಿ ತಪ್ಪಾಗಿ ತಿಳಿಯುವುದು. ತಲೆ ಕೆಟ್ಟಿದೆ, ಯಾರೋ ಏನೋ ಮಾಡಿಸಿದ್ದಾರೆ ಅನ್ನುತ್ತಾರೆ. ಸನ್ನೆ ಮಾಡದೆ, ಬರೀ ಬಾಯಲ್ಲಿ "ಕಣ್ಣು ಮುಚ್ಚಿ", "ಎಡಗೈ ಎತ್ತಿ" ಎಂದು ಹೇಳಿ ನೋಡಿ.

ಕೊಡಗಿನಲ್ಲಿ ಈ ಪರೀಕ್ಷೆಗೆ ಒಂದು ಮುಖ್ಯ ಷರತ್ತಿದೆ. ಕೇಳುವುದನ್ನು ಅವರ ಮನೆಮಾತಿನಲ್ಲೇ ಕೇಳಿ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಯರವ, ಕುರುಬರ ಮಾತು, ಯಾವುದೇ ಇರಲಿ. ಇಲ್ಲಿ ಎರಡು ಮೂರು ಭಾಷೆ ಆಡದವರು ಕಡಿಮೆ. ಪೆಟ್ಟು ಬಿದ್ದ ಮೆದುಳಿನಲ್ಲಿ ಎಲ್ಲ ಭಾಷೆಗಳೂ ಒಂದೇ ಸಮ ಕೆಡಬೇಕೆಂದಿಲ್ಲ. ಎರಡನೇ ಭಾಷೆಯಲ್ಲಿ ತಡವರಿಸಿದರೆ ಅದು ರೋಗವೋ, ಮೊದಲೇ ಅಷ್ಟು ಬರುತ್ತಿರಲಿಲ್ಲವೋ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕುಯ್ಲಿಗೆಂದು ಅಸ್ಸಾಮಿನಿಂದ ಬಂದವರಾದರೆ ಅವರ ಜೊತೆಗಾರರನ್ನೇ ಕರೆದು "ಇವನ ಮಾತು ನಿನ್ನೆಯ ಹಾಗೇ ಇದೆಯಾ?" ಎಂದು ವಿಚಾರಿಸಿ. ಆಸ್ಪತ್ರೆಗೆ ಹೋಗುವಾಗಲೂ ಆ ಭಾಷೆ ಬಲ್ಲ ಒಬ್ಬರು ಗಾಡಿಯಲ್ಲಿ ಇರಲಿ.

ಇನ್ನೊಂದು ಮಾತು. ದೇವರ ಹಾಡು, ಒಂದು ಎರಡು ಎಣಿಕೆ, ಬೈಗುಳ ಇವು ಮಾತು ಹೋದವರಲ್ಲೂ ಎಷ್ಟೋ ಸಲ ಉಳಿದಿರುತ್ತವೆ. "ಬೈದನಲ್ಲ, ಮಾತು ಸರಿಯಾಗಿದೆ" ಎಂದು ಬಿಡಬೇಡಿ.

ಸಂಜೆ ಹೊತ್ತು ತೊದಲಿದರೆ "ಕುಡಿದಿದ್ದಾನೆ, ಮಲಗಲಿ" ಅನ್ನುವುದು ನಮ್ಮಲ್ಲಿ ಸುಲಭದ ತೀರ್ಮಾನ. ಕುಡಿದವನಿಗೂ ಸ್ಟ್ರೋಕ್ ಆಗುತ್ತದೆ. ಹಲ್ಲು ತೋರಿಸುವ ಪರೀಕ್ಷೆ, ತೋಳಿನ ಪರೀಕ್ಷೆ ಎರಡನ್ನೂ ಮಾಡಿಸಿ. ಕುಡಿತ ಎರಡೂ ಕಡೆ ಸಮನಾಗಿ ತೂಗಾಡಿಸುತ್ತದೆ, ಒಂದು ಕಡೆ ಮಾತ್ರ ಸೋಲಿಸುವುದಿಲ್ಲ. ಅನುಮಾನ ಉಳಿದರೆ ಕುಡಿದಿಲ್ಲ ಎಂದೇ ಎಣಿಸಿ ಕರೆದುಕೊಂಡು ಹೋಗಿ.

ಲಕ್ಷಣ: ಒಂದು ಕಾಲು ಎಳೆಯುತ್ತಿದೆ

ಕಾಲಿನ ಜಾಗ ಮೆದುಳಿನ ಸಂದಿನಲ್ಲಿದೆ ಎಂದೆನಲ್ಲ, ಅದಕ್ಕೆ ರಕ್ತ ಕೊಡುವ ನಾಳವೂ ಬೇರೆ. ಕೈಗೂ ಮುಖಕ್ಕೂ ಕೊಡುವುದು ಇನ್ನೊಂದು. ಆದ್ದರಿಂದ ಕೈ, ಮಾತು ಚೆನ್ನಾಗಿದ್ದು ಕಾಲು ಮಾತ್ರ ಸೋಲುವ ಸ್ಟ್ರೋಕ್ ಉಂಟು. ಆದರೆ ಅಪರೂಪ. ಸೊಂಟದಿಂದ ಕಾಲಿಗೆ ನೋವು ಹರಿಯುತ್ತಾ, ದಿನಗಳಿಂದ ಪಾದ ಸೋಲುತ್ತಾ ಬಂದಿದ್ದರೆ ಸೊಂಟದ ನರದ ಕಡೆ ನೋಡಿ. ಎರಡೂ ಕಾಲು ಒಟ್ಟಿಗೆ ಸೋತು ಮೂತ್ರ ಕಟ್ಟಿಕೊಂಡರೆ ಬೆನ್ನುಹುರಿಯ ತುರ್ತು, ಅದೇ ದಿನ ಹೊರಡಬೇಕು. ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದು ಕೈಕಾಲು ಸೋತವರನ್ನು ಎತ್ತಿ ಕೂರಿಸಬೇಡಿ. ತಲೆ, ಕುತ್ತಿಗೆ ಅಲುಗದಂತೆ ಹಿಡಿದು ಹಲಗೆಯ ಮೇಲೆ ಸಾಗಿಸಿ.

ಲಕ್ಷಣ: ಕೈ ತಾನಾಗಿ ಎಗರುತ್ತಿದೆ

ಇದುವರೆಗಿನವು ಅಪ್ಪಣೆ ನಿಂತ ಕಥೆ. ಇಲ್ಲಿ ಯಾರೂ ಕೇಳದೆ ಅಪ್ಪಣೆ ಹೊರಡುತ್ತದೆ. ಹೆಬ್ಬೆರಳು ಎಗರಲು ಶುರು, ಆಮೇಲೆ ಕೈ, ತೋಳು, ಮುಖದ ಒಂದು ಬದಿ. ಎಗರಾಟ ಹೀಗೆ ನಕ್ಷೆಯ ಸಾಲಿನಲ್ಲೇ ನಡೆದುಹೋಗುತ್ತದೆ. ಬ್ರಿಟನ್ನಿನ ಹ್ಯೂಲಿಂಗ್ಸ್ ಜಾಕ್ಸನ್ 19ನೇ ಶತಮಾನದಲ್ಲಿ ಇದನ್ನು ನೋಡಿಯೇ ಮೆದುಳಿನಲ್ಲಿ ಅಂಗಗಳ ಸಾಲು ಇರಬೇಕು ಎಂದು ಊಹಿಸಿದರು. ಇದು ಒಂದು ಜಾಗಕ್ಕೆ ಸೀಮಿತವಾದ ಫಿಟ್ಸ್. ಮುಗಿದ ಮೇಲೆ ಆ ಕೈ ಕೆಲವು ಗಂಟೆ ಸೋತಿರಬಹುದು. ಸ್ಟ್ರೋಕೋ ಇದೋ ಎಂದು ಮನೆಯಲ್ಲಿ ನಿರ್ಧರಿಸಲು ಹೋಗಬೇಡಿ.

ಎಗರುವಾಗ ಒಂದು ಮಗ್ಗುಲಿಗೆ ಮಲಗಿಸಿ, ಸುತ್ತ ಇರುವ ಕತ್ತಿ, ಒಲೆ, ಕಲ್ಲು ದೂರ ಮಾಡಿ. ಕೈಗೆ ಬೀಗದ ಕೈ ಕೊಡುವುದರಿಂದ ಫಿಟ್ಸ್ ನಿಲ್ಲುವುದಿಲ್ಲ. ಬಾಯಿಗೆ ಚಮಚ ತುರುಕಿದರೆ ಹಲ್ಲು ಮುರಿಯುತ್ತದೆ. ಗಡಿಯಾರ ನೋಡಿ: ಐದು ನಿಮಿಷ ದಾಟಿದರೆ, ಅಥವಾ ಜೀವನದಲ್ಲೇ ಮೊದಲ ಸಲವಾದರೆ ಆಸ್ಪತ್ರೆ.

ನಮ್ಮ ದೇಶದಲ್ಲಿ ಇಂಥ ಫಿಟ್ಸಿಗೆ ಒಂದು ಸಾಮಾನ್ಯ ಕಾರಣ ಮೆದುಳಿಗೆ ಸೇರಿದ ಲಾಡಿಹುಳುವಿನ ಮರಿ. ಈ ಮಾತು ಬಂದ ಕೂಡಲೇ ಎಲ್ಲರೂ ನಮ್ಮ ಹಂದಿ ಮಾಂಸದ ಪಂದಿ ಕರಿಯ ಕಡೆ ಬೆರಳು ತೋರಿಸುತ್ತಾರೆ. ಸರಿಯಾಗಿ ಬೆಂದ ಮಾಂಸದಿಂದ ಏನೂ ಬರುವುದಿಲ್ಲ. ಬೇಯದ ಮಾಂಸ ತಿಂದರೆ ಹೊಟ್ಟೆಯಲ್ಲಿ ಹುಳು ಆಗುತ್ತದೆ. ಮೆದುಳಿಗೆ ಹೋಗುವುದು ಹುಳುವಿನ ಮೊಟ್ಟೆಯಿಂದ ಹುಟ್ಟಿದ ಮರಿ. ಆ ಮೊಟ್ಟೆ ಬರುವುದು ಹುಳು ಇರುವ ಮನುಷ್ಯರ ಮಲ ಸೇರಿದ ನೀರು, ತೊಳೆಯದ ಸೊಪ್ಪು, ತೊಳೆಯದ ಕೈಯಿಂದ. ಹಂದಿ ಮುಟ್ಟದವರಿಗೂ ಅದು ಬರುತ್ತದೆ.

ಲಕ್ಷಣ: ಕೈ ನಡುಗುತ್ತಿದೆ

ತುರ್ತು ಅಲ್ಲ. ಲೋಟ ಎತ್ತುವಾಗ ಎರಡೂ ಕೈ ನಡುಗಿದರೆ, ಮನೆತನದಲ್ಲಿ ಇನ್ನೊಬ್ಬರಿಗೂ ಇದ್ದರೆ ಒಂದು ಬಗೆ. ಸುಮ್ನೆ ತೊಡೆಯ ಮೇಲಿಟ್ಟ ಒಂದೇ ಕೈ ನಡುಗಿ, ನಡಿಗೆ ನಿಧಾನವಾಗಿ, ಅಕ್ಷರ ಸಣ್ಣದಾಗುತ್ತಾ ಬಂದರೆ ಪಾರ್ಕಿನ್ಸನ್ ಇರಬಹುದು. ದಮ್ಮಿನ ಔಷಧಿ, ಥೈರಾಯ್ಡ್, ಅತಿಯಾದ ಕಾಫಿ ಕೂಡ ಕೈ ನಡುಗಿಸುತ್ತವೆ. ನ್ಯೂರಾಲಜಿಸ್ಟ್ ಸಮಯ ತೆಗೆದುಕೊಂಡು ಹೋದರೆ ಸಾಕು.

ಲಕ್ಷಣ: ಬಂತು, ಹತ್ತು ನಿಮಿಷದಲ್ಲಿ ಹೋಯ್ತು

ನನಗೆ ಅತಿ ಭಯ ಇರುವುದು ಇದರ ಬಗ್ಗೆ. ಕೈ ಸೋತಿತು, ಮಾತು ತಡವರಿಸಿತು, ಕಷಾಯ ಕುಡಿದರು, ಸರಿಹೋಯಿತು. ಕಷಾಯಕ್ಕೆ ಹೆಸರು ಬಂತು. ನಿಜದಲ್ಲಿ ರಕ್ತನಾಳ ಮುಚ್ಚಿಕೊಂಡು ತಾನಾಗಿ ತೆರೆದಿರುತ್ತದೆ. ದೊಡ್ಡ ಸ್ಟ್ರೋಕಿನ ಅಪಾಯ ಮುಂದಿನ ಎರಡು ದಿನಗಳಲ್ಲೇ ಅತಿ ಹೆಚ್ಚು. ಎಲ್ಲ ಸರಿಯಾಗಿದೆ ಅನ್ನಿಸಿದರೂ ಅವತ್ತೇ ಹೋಗಿ. ಹುತ್ತರಿ ಮುಗಿಯಲಿ, ಕುಯ್ಲು ಮುಗಿಯಲಿ ಅನ್ನಬೇಡಿ.

ಲಕ್ಷಣ: ಎರಡೂ ಕಣ್ಣಿನ ರೆಪ್ಪೆ ಇಳಿದಿದೆ, ಮಾತು ಮೂಗಿನಲ್ಲಿ ಬರುತ್ತಿದೆ

ಎರಡೂ ಕಡೆ ಸಮನಾಗಿ, ಮೇಲಿನಿಂದ ಕೆಳಕ್ಕೆ ಸೋಲುತ್ತಾ ಬಂದರೆ ಹಾವಿನ ವಿಷವನ್ನು ನೆನಪಿಸಿಕೊಳ್ಳಿ. ನಾಗರಹಾವು, ಕಟ್ಟುಹಾವುಗಳ ವಿಷ ಮೆದುಳಿನ ಅಪ್ಪಣೆ ಸ್ನಾಯುವಿಗೆ ತಲುಪುವ ಕೊನೆಯ ಜಾಗವನ್ನು ತಡೆಯುತ್ತದೆ. ಕಟ್ಟುಹಾವು ರಾತ್ರಿ ಮಲಗಿದ್ದಾಗ ಕಚ್ಚಿದರೆ ನೋವಿರುವುದಿಲ್ಲ, ಗುರುತೂ ಕಾಣದಿರಬಹುದು. ನೆಲದಲ್ಲಿ ಮಲಗಿದವರು ಬೆಳಗಿನ ಜಾವ ಹೀಗೆ ಎದ್ದರೆ ತಡಮಾಡಬೇಡಿ. ಕಟ್ಟುವುದು, ಕೊಯ್ಯುವುದು, ಚೀಪುವುದು ಬೇಡ. ಅಲುಗಾಡಿಸದೆ, ವಿಷಕ್ಕೆ ಮದ್ದಿನ ಇಂಜೆಕ್ಷನ್ ಇರುವ ಆಸ್ಪತ್ರೆಗೆ ಹೋಗಿ.

ತೋಟಕ್ಕೆ ಔಷಧಿ ಹೊಡೆದು ಬಂದವರಿಗೆ ಬೆವರು, ಜೊಲ್ಲು, ಕಣ್ಣಿನ ಪಾಪೆ ಚುಕ್ಕಿಯಷ್ಟು ಸಣ್ಣದು, ಮೈಯ ಸ್ನಾಯು ಪಟಪಟ ಅದುರುವುದು ಕಂಡರೆ ಕೀಟನಾಶಕದ ವಿಷ. ಬಟ್ಟೆ ತೆಗೆಸಿ, ಸೋಪು ಹಾಕಿ ತೊಳೆದು, ಔಷಧಿಯ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ತೊಳೆಯುವವರು ಕೈಗವಸು ಹಾಕಿಕೊಳ್ಳಿ.

ಹೊರಡುವಾಗ

ಮೆದುಳಿನ ರಕ್ತನಾಳ ಮುಚ್ಚಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ಅದನ್ನು ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಗುಣ ಜಾಸ್ತಿ. ದೊಡ್ಡ ನಾಳ ಮುಚ್ಚಿದ್ದರೆ ತೊಡೆಯ ಮೂಲಕ ತಂತಿ ಹಾಯಿಸಿ ಹೆಪ್ಪು ತೆಗೆಯುತ್ತಾರೆ. ಆಯ್ದ ಕೆಲವರಿಗೆ 24 ಗಂಟೆಯವರೆಗೂ ಅದು ಸಾಧ್ಯ. ಆದರೆ ನಾಳ ಒಡೆದು ರಕ್ತ ಸೋರಿದ್ದರೆ ಇದೇ ಇಂಜೆಕ್ಷನ್ ಕೊಲ್ಲುತ್ತದೆ. ಯಾವುದು ಎಂದು ಹೊರಗಿನಿಂದ ಯಾರೂ ಹೇಳಲಾರರು, ಸಿಟಿ ಸ್ಕ್ಯಾನ್ ಬೇಕೇ ಬೇಕು. ಅದಕ್ಕೇ ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ. ಬಿಪಿ ಏರಿದೆ ಎಂದು ಹೆಚ್ಚಿನ ಮಾತ್ರೆಯನ್ನೂ ಕೊಡಬೇಡಿ. ಆ ಹೊತ್ತಿನಲ್ಲಿ ಬಿಪಿ ಏರುವುದು ಸಹಜ. ಒಮ್ಮೆಲೇ ಇಳಿಸಿದರೆ ಮೆದುಳಿಗೆ ರಕ್ತ ಇನ್ನೂ ಕಡಿಮೆಯಾಗುತ್ತದೆ. ನೀರು, ಕಾಫಿ, ಬ್ರಾಂದಿ ಬೇಡ. ನುಂಗುವ ಸ್ನಾಯುಗಳೂ ಸೋತಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ವಾಂತಿಯಿದ್ದರೆ ಮಗ್ಗುಲಿಗೆ ಮಲಗಿಸಿ.

ಈಗ ದಾರಿಯ ಲೆಕ್ಕ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರು ಅದಕ್ಕಿಂತ ದೂರ, ನಡುವೆ ಘಾಟಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ರಸ್ತೆಯೇ ಕಡಿದುಹೋಗಿತ್ತು. ನಾಪೋಕ್ಲು, ಭಾಗಮಂಡಲ ಕಡೆಯವರು ಮೊದಲು ಮಡಿಕೇರಿ ತಲುಪಬೇಕು. ದಕ್ಷಿಣ ಕೊಡಗಿನವರು ಗೋಣಿಕೊಪ್ಪ ದಾಟಿ ಹುಣಸೂರಿನ ಮೇಲೆ ಹೋಗುವುದು ವಾಸಿ. ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಡ್ರಿಪ್ ಹಾಕಿಸಿ ಕಾಯುವುದೆಂದರೆ ನಾಲ್ಕೂವರೆ ಗಂಟೆಯಲ್ಲಿ ಒಂದು ಗಂಟೆ ಹೋಯಿತು ಅಂತಲೇ ಲೆಕ್ಕ. ಹೊರಡುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಸಿಟಿ ಸ್ಕ್ಯಾನ್ ಈಗ ನಡೆಯುತ್ತಿದೆಯಾ? ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತೀರಾ? ಇಲ್ಲ ಅಂದರೆ ಕೊಡುವ ಕಡೆಗೆ ಸೀದಾ ಹೋಗಿ.

ಜೋರು ಮಳೆಯಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ರಾತ್ರಿ ಆನೆ ಇರುವ ದಾರಿಗೆ ಎಲ್ಲ ಡ್ರೈವರೂ ಬರುವುದಿಲ್ಲ. ಬರುವವರು ಯಾರು ಎಂದು ಈಗಲೇ ಕೇಳಿ, ಅವರ ನಂಬರನ್ನು ಗೋಡೆಯ ಮೇಲೆ ಬರೆದಿಡಿ. ತೋಟದಲ್ಲಿ ಕೆಲಸಗಾರರ ಲೈನ್ ಮನೆಗಳಿದ್ದರೆ ರೈಟರ್‌ಗೂ ಮೇಸ್ತ್ರಿಗೂ ಈ ನಂಬರ್ ಗೊತ್ತಿರಲಿ.

ಒಂದು ಚೀಟಿಯಲ್ಲಿ ಬರೆಯಿರಿ: ಕೊನೆಯ ಸಲ ಚೆನ್ನಾಗಿದ್ದುದನ್ನು ನೋಡಿದ್ದು ಎಷ್ಟು ಗಂಟೆಗೆ? ನಿದ್ದೆಯಿಂದ ಎದ್ದಾಗ ಸೋತಿದ್ದರೆ, ಮಲಗಿದ ಹೊತ್ತೇ ಲೆಕ್ಕ. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆ ಚೀಲಕ್ಕೆ ಹಾಕಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಬಾಗಿಲಲ್ಲೇ ಹೇಳಿ.

ಮನೆಗೆ ಬಂದ ಮೇಲೆ

ಸತ್ತ ಜೀವಕೋಶ ವಾಪಸ್ ಬರುವುದಿಲ್ಲ. ಆದರೆ ಅಕ್ಕಪಕ್ಕದ ಭಾಗಗಳು ಅದರ ಕೆಲಸವನ್ನು ಒಂದಿಷ್ಟು ಕಲಿಯುತ್ತವೆ. ಮೊದಲ ಮೂರರಿಂದ ಆರು ತಿಂಗಳು ಈ ಕಲಿಕೆ ಬಿರುಸು. ಆಮೇಲೆ ನಿಧಾನ, ನಿಲ್ಲುವುದಿಲ್ಲ. ಎಣ್ಣೆ ತಿಕ್ಕಿಸಿಕೊಂಡು ಮಲಗಿದರೆ ಮೈ ಹಿತವಾಗಬಹುದು, ಮೆದುಳಿನ ಪಟ್ಟಿ ಕಲಿಯುವುದಿಲ್ಲ. ಅದು ಕಲಿಯುವುದು ಅವರೇ ಪ್ರಯತ್ನಪಟ್ಟು ಕೈ ಎತ್ತಿದಾಗ. ಗೋಣಿಯ ಮೇಲೆ ಮೆಣಸು ಹಾಕಿ ಕಾಳು ಆರಿಸಲು ಕೊಡಿ. ಬೆರಳಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ನನಗೆ ಗೊತ್ತಿಲ್ಲ. ಸೋತ ಕೈ ಹಿಡಿದು ಎಳೆದು ಎಬ್ಬಿಸಬೇಡಿ, ಭುಜದ ಕೀಲು ಜಾರುತ್ತದೆ.

ಮಾತಿಗೆ ಸ್ಪೀಚ್ ಥೆರಪಿ ಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮಗೆ ಹತ್ತಿರ. ಮನೆಮಾತು ಯಾವುದು ಎಂದು ಮೊದಲೇ ಅಲ್ಲಿ ಹೇಳಿ.

ಮೆದುಳು ಚೆನ್ನಾಗಿದ್ದು ಕೆಳಗಿನ ಎಳೆಗಳೇ ಕಡಿದವರೂ ಇದ್ದಾರೆ. 2023ರಲ್ಲಿ ಚಾಂಗ್ ಅವರ ತಂಡ, 18 ವರ್ಷ ಹಿಂದೆ ಮೆದುಳಿನ ಬುಡದ ಸ್ಟ್ರೋಕಿನಿಂದ ಮಾತು ಕಳೆದುಕೊಂಡ ಮಹಿಳೆಯ ಪಟ್ಟಿಯ ಮೇಲೆ ಎಲೆಕ್ಟ್ರೋಡ್ ಇಟ್ಟು, ಅವರು ಆಡಲು ಯತ್ನಿಸಿದ ಮಾತನ್ನು ಕಂಪ್ಯೂಟರಿನಲ್ಲಿ ನಿಮಿಷಕ್ಕೆ ಸುಮಾರು 78 ಪದಗಳಂತೆ ಹೊರತಂದಿತು. ಸದ್ಯಕ್ಕೆ ಅದು ಸಂಶೋಧನೆಯ ಹಂತದಲ್ಲಿದೆ. ನಿಮ್ಮ ಮನೆಯವರಿಗೆ ಈಗ ಬೇಕಾದ್ದು ಚಿತ್ರಗಳಿರುವ ಒಂದು ಹಾಳೆ: ನೀರು, ಊಟ, ಶೌಚ, ನೋವು, ಬೇಡ. ಬೆರಳಿಟ್ಟು ತೋರಿಸಲಿ.

ಬಿಪಿ ಮಾತ್ರೆ ಬಿಡಬೇಡಿ. ಹೊಸದಾಗಿ ಏನಾದರೂ ಸೋತರೆ "ಹಳೆಯದೇ" ಎಂದು ಕೂರದೆ ಮತ್ತೆ ತೋಳಿನ ಪರೀಕ್ಷೆ ಮಾಡಿ, ಮೊದಲಿಗಿಂತ ವ್ಯತ್ಯಾಸ ಕಂಡರೆ ಹೊರಡಿ. ಡಾಕ್ಟರು ಹೇಳುವವರೆಗೆ ಜೀಪ್ ಓಡಿಸುವುದು, ಏಣಿ ಹತ್ತುವುದು, ಕಳೆ ಮೆಷಿನ್ ಹಿಡಿಯುವುದು ಬೇಡ.